ಸೋಮವಾರ ರಾತ್ರಿಯ ಲೆಕ್ಕ

1999ರ ಜನವರಿ 4, ಸೋಮವಾರ ರಾತ್ರಿ. ಅಮೆರಿಕದ ಎರಡು ಕೇಬಲ್ ವಾಹಿನಿಗಳಲ್ಲಿ ಒಂದೇ ಹೊತ್ತಿಗೆ ಎರಡು ಕುಸ್ತಿ ಕಾರ್ಯಕ್ರಮಗಳು ಬರುತ್ತಿವೆ. ಟಿಎನ್‌ಟಿಯಲ್ಲಿ ಡಬ್ಲ್ಯುಸಿಡಬ್ಲ್ಯು ಕಂಪನಿಯ ‘ನೈಟ್ರೋ’. ಯುಎಸ್ಎ ನೆಟ್‌ವರ್ಕ್‌ನಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಂಪನಿಯ ‘ರಾ’. ಈಗ ನಾವೆಲ್ಲ ಡಬ್ಲ್ಯುಡಬ್ಲ್ಯುಇ ಎಂದು ಕರೆಯುವುದು ಇದನ್ನೇ. ನೈಟ್ರೋ ನೇರಪ್ರಸಾರ. ರಾ ಮಾತ್ರ ಆರು ದಿನ ಮೊದಲೇ ವೂಸ್ಟರ್ ಎಂಬ ಊರಿನಲ್ಲಿ ಚಿತ್ರೀಕರಣವಾಗಿತ್ತು. ಹಾಗಾಗಿ ಅದರಲ್ಲಿ ಯಾರು ಗೆಲ್ಲುತ್ತಾರೆಂಬುದು ಎದುರಾಳಿ ಕಂಪನಿಗೆ ಮೊದಲೇ ಗೊತ್ತು. ನೈಟ್ರೋದ ವೀಕ್ಷಕ ವಿವರಣೆಕಾರ ಟೋನಿ ಶಿಯವೋನಿ, ತನ್ನ ಮೇಲಧಿಕಾರಿ ಎರಿಕ್ ಬಿಷಫ್ ಹೇಳಿದಂತೆ, ಆ ಫಲಿತಾಂಶವನ್ನು ತನ್ನ ವೀಕ್ಷಕರ ಮುಂದೆ ಬಿಚ್ಚಿಟ್ಟ. ಆ ಕಡೆ ಇವತ್ತು ಮಿಕ್ ಫೋಲಿ ಚಾಂಪಿಯನ್ ಆಗುತ್ತಾನಂತೆ ಎಂದು ಹೇಳಿ, ಇದಕ್ಕೆ ಜನ ಟಿಕೆಟ್ ಕೊಂಡು ಬರುತ್ತಾರೆ ನೋಡಿ ಎಂದು ವ್ಯಂಗ್ಯವಾಡಿದ.

ಅಷ್ಟು ಹೇಳಿದ್ದೇ ತಡ, ಸುಮಾರು ಆರು ಲಕ್ಷ ವೀಕ್ಷಕರು ನೈಟ್ರೋ ಬಿಟ್ಟು ರಾ ಹಾಕಿಕೊಂಡರು ಎಂಬುದು ಆಮೇಲೆ ಬಂದ ಲೆಕ್ಕ. ಅಂದು ರಾಗೆ 5.7, ನೈಟ್ರೋಗೆ 5.0 ರೇಟಿಂಗ್.

ಕುಸ್ತಿಯ ಅಭಿಮಾನಿಗಳು ಈ ಕಥೆಯನ್ನು ಸಾವಿರ ಸಲ ಹೇಳಿಕೊಂಡಿದ್ದಾರೆ. ಸಾಮಾನ್ಯವಾಗಿ ಇದನ್ನು ಒಬ್ಬ ಅಹಂಕಾರಿ ಮ್ಯಾನೇಜರನ ಎಡವಟ್ಟು ಎಂದು ಓದುತ್ತಾರೆ. ನನಗೆ ಇದರಲ್ಲಿ ಬೇರೊಂದು ಪ್ರಶ್ನೆ ಕಾಣುತ್ತದೆ, ಮತ್ತು ಅದು ಸಾಹಿತ್ಯ ಓದುವವರಿಗೆ ಹತ್ತಿರದ ಪ್ರಶ್ನೆ. ಬಿಷಫ್ ತಲೆಯಲ್ಲಿ ಒಂದು ಕಥನಸಿದ್ಧಾಂತವಿತ್ತು: ಮುಗಿತಾಯ ಗೊತ್ತಾದರೆ ಕಥೆಯ ಮೇಲಿನ ಆಸಕ್ತಿ ಸತ್ತುಹೋಗುತ್ತದೆ. ವೀಕ್ಷಕರು ತಮ್ಮ ರಿಮೋಟಿನಿಂದಲೇ ಆ ಸಿದ್ಧಾಂತವನ್ನು ತಳ್ಳಿಹಾಕಿದರು. ಮುಗಿತಾಯ ಗೊತ್ತಾದದ್ದಕ್ಕೇ ಅವರು ಅದನ್ನು ನೋಡಲು ಹೋದರು.

ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ‘ಗದಾಯುದ್ಧ’ ಪ್ರಸಂಗ ನೋಡಲು ಬೆಳಗಿನ ಜಾವದವರೆಗೆ ಕೂರುವ ಪ್ರೇಕ್ಷಕನಿಗೆ ಕೌರವ ಕೊಳದಿಂದ ಎದ್ದು ಬರುತ್ತಾನೆ, ತೊಡೆ ಮುರಿದು ಬೀಳುತ್ತಾನೆ ಎಂಬುದು ಗೊತ್ತಿಲ್ಲವೇ? ಗೊತ್ತಿರುವುದರಿಂದಲೇ ಅವನು ಆ ಗಳಿಗೆಗೆ ಕಾಯುತ್ತಾನೆ. ಕೌರವ ಹೇಗೆ ಎದ್ದು ಬರುತ್ತಾನೆ, ಈ ವೇಷಧಾರಿ ಆ ಛಲವನ್ನು ಹೇಗೆ ಕಾಣಿಸುತ್ತಾನೆ ಎಂಬುದಷ್ಟೇ ಅವನ ಕುತೂಹಲ. ಫೋಲಿಯ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅವನು ಸುಂದರನಲ್ಲ, ಮೈಕಟ್ಟಿನವನಲ್ಲ. ಹಿಂದೆ ಇದೇ ಡಬ್ಲ್ಯುಸಿಡಬ್ಲ್ಯುವಿನಲ್ಲಿದ್ದಾಗ, 1994ರಲ್ಲಿ, ಮ್ಯೂನಿಕ್‌ನ ಪಂದ್ಯವೊಂದರಲ್ಲಿ ಕಿವಿಯ ಭಾಗವನ್ನೇ ಕಳೆದುಕೊಂಡಿದ್ದ. 1998ರ ಜೂನ್‌ನಲ್ಲಿ ಅಂಡರ್‌ಟೇಕರ್ ಅವನನ್ನು ಕಬ್ಬಿಣದ ಪಂಜರದ ಮೇಲಿನಿಂದ ಕೆಳಗಿನ ಮೇಜಿನ ಮೇಲಕ್ಕೆ ಎಸೆದದ್ದನ್ನು ಜನ ಕಂಡಿದ್ದರು. ಇಂಥವನು ಪಟ್ಟ ಗೆಲ್ಲುತ್ತಾನೆಂದು ಯಾರೋ ಹೇಳಿದರೆ ಅದು ಕಥೆಯನ್ನು ಕೆಡಿಸಿದ ಹಾಗಲ್ಲ, ಮದುವೆಗೆ ಕರೆದ ಹಾಗೆ. (ಅದೇ ವರ್ಷ ಫೋಲಿಯ ಆತ್ಮಕಥೆ ಬಂತು. ಬೇರೊಬ್ಬರಿಂದ ಬರೆಸದೆ ಕೈಯಾರೆ ಕಾಗದದ ಮೇಲೆ ಬರೆದ ಆ ದಪ್ಪ ಪುಸ್ತಕ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ತುದಿಗೇರಿತು. ಅವನು ಒಳ್ಳೆಯ ಕಥೆಗಾರ ಎಂಬುದು ಜನಕ್ಕೆ ಮೊದಲೇ ಗೊತ್ತಿತ್ತೇನೋ.)

ಈಗ ಆ ಆರು ಲಕ್ಷದ ಸಂಖ್ಯೆಯನ್ನೇ ಸ್ವಲ್ಪ ನೋಡೋಣ. ಅಮೆರಿಕದಲ್ಲಿ ಟಿವಿ ವೀಕ್ಷಣೆಯನ್ನು ಅಳೆಯುವುದು ನೀಲ್ಸನ್ ಕಂಪನಿ. ಆಗ ದೇಶದಲ್ಲಿ ಟಿವಿ ಇದ್ದ ಮನೆಗಳು ಸುಮಾರು ಹತ್ತು ಕೋಟಿ; ನೀಲ್ಸನ್ ಮೀಟರ್ ಇಟ್ಟಿದ್ದ ಮನೆಗಳು ಸುಮಾರು ಐದು ಸಾವಿರ. ಅಂದರೆ ಒಂದೊಂದು ಮೀಟರಿನ ಮನೆಯೂ ಇಪ್ಪತ್ತು ಸಾವಿರ ಮನೆಗಳ ಪರವಾಗಿ ಟಿವಿ ನೋಡುತ್ತಿತ್ತು. ಆರು ಲಕ್ಷವನ್ನು ಮನೆಗಳ ಲೆಕ್ಕವೆಂದೇ ಹಿಡಿದು ಇಪ್ಪತ್ತು ಸಾವಿರದಿಂದ ಭಾಗಿಸಿದರೆ ಉಳಿಯುವುದು ಮೂವತ್ತು. ಒಂದು ಸಣ್ಣ ಬೀದಿಯಷ್ಟು ಮನೆಗಳು. ಸಂಖ್ಯಾಶಾಸ್ತ್ರ ಸುಳ್ಳು ಎಂದು ನಾನು ಹೇಳುತ್ತಿಲ್ಲ, ಮಾದರಿ ಸಮೀಕ್ಷೆ ಕೆಲಸ ಮಾಡುವುದೇ ಹೀಗೆ. ಆದರೆ ಒಂದು ಉದ್ಯಮದ ಚರಿತ್ರೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಗಳಿಗೆ ಬೀದಿಯಷ್ಟು ಮನೆಗಳ ರಿಮೋಟಿನ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಟಿಆರ್‌ಪಿ ಎನ್ನುವುದು ಈಗ ಬೈಗುಳದಂತಾಗಿದೆ. ಧಾರಾವಾಹಿಯಲ್ಲಿ ಸತ್ತವಳು ಎದ್ದು ಬಂದರೆ ‘ಟಿಆರ್‌ಪಿಗೋಸ್ಕರ’ ಎಂದು ಅಜ್ಜಿಯಂದಿರೂ ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದ್ದರೂ ಅಲ್ಲಿಗೇ ನಿಂತುಬಿಟ್ಟರೆ ವಿಮರ್ಶೆಗೆ ಕೆಲಸವಿಲ್ಲ. ರೇಟಿಂಗ್ ಎಷ್ಟು ಮನೆಗಳಲ್ಲಿ ನೋಡಿದರು ಎಂಬುದನ್ನಷ್ಟೇ ಹೇಳುತ್ತದೆ. ಯಾಕೆ ನೋಡಿದರು, ಯಾಕೆ ಬಿಟ್ಟರು ಎಂದು ಹೇಳುವುದಿಲ್ಲ. ಆ ‘ಯಾಕೆ’ಯನ್ನು ಯಾರೋ ಕುಳಿತು ಓದಬೇಕು. ಅಂದರೆ ಸಂಖ್ಯೆಯೂ ಒಂದು ಪಠ್ಯ. ಕುಸ್ತಿ ಉದ್ಯಮದಲ್ಲಿ 1995ರಿಂದ 2001ರವರೆಗೆ ನಡೆದದ್ದನ್ನು ‘ಸೋಮವಾರ ರಾತ್ರಿಯ ಯುದ್ಧ’ ಎಂದು ಕರೆಯುತ್ತಾರೆ. ನನ್ನ ಮಟ್ಟಿಗೆ ಅದು ಓದಿನ ಜಗಳ. ಒಂದೇ ಪಠ್ಯವನ್ನು ಎರಡು ಕಂಪನಿಗಳು ವಾರವಾರವೂ ಓದಿದವು. ಒಂದು ಕಂಪನಿ ತಪ್ಪಾಗಿ ಓದಿ ಮುಳುಗಿತು.

ಕುಸ್ತಿಗೂ ಟಿವಿಗೂ ನಂಟು ಹಳೆಯದು. ಟಿವಿ ಹೊಸದಾಗಿದ್ದ 1940-50ರ ದಶಕಗಳಲ್ಲಿ ಅಮೆರಿಕದ ವಾಹಿನಿಗಳಿಗೆ ಕುಸ್ತಿ ಹೇಳಿ ಮಾಡಿಸಿದಂತಿತ್ತು. ಖರ್ಚು ಕಡಿಮೆ, ಅಖಾಡ ಚಿಕ್ಕದು, ಬೆಳಕು ನೆತ್ತಿಯ ಮೇಲೆ, ಒಂದೆರಡು ಕ್ಯಾಮೆರಾ ಸಾಕು. ಡುಮಾಂಟ್ ಜಾಲ ಶಿಕಾಗೋದಿಂದ ವಾರವಾರ ಕುಸ್ತಿ ತೋರಿಸುತ್ತಿತ್ತು. ಗುಂಗುರು ಹೊಂಗೂದಲು ಬಿಟ್ಟು, ನಿಲುವಂಗಿ ತೊಟ್ಟು, ಪರಿಚಾರಕನಿಂದ ಸುಗಂಧ ಸಿಂಪಡಿಸಿಕೊಂಡು ಬರುತ್ತಿದ್ದ ಗಾರ್ಜಿಯಸ್ ಜಾರ್ಜ್ ಟಿವಿಯ ಮೊದಲ ತಾರೆಗಳಲ್ಲಿ ಒಬ್ಬ. ಆದರೆ ಆಮೇಲಿನ ದಶಕಗಳಲ್ಲಿ ಕುಸ್ತಿಯ ದುಡ್ಡು ಟಿವಿಯಿಂದ ಬರುತ್ತಿರಲಿಲ್ಲ. ಟಿವಿಯಲ್ಲಿ ತೋರಿಸುತ್ತಿದ್ದದ್ದು ಕಥೆಯ ಪೀಠಿಕೆ: ಇವನು ಅವನಿಗೆ ಮೋಸ ಮಾಡಿದ, ಅವನು ಸೇಡು ತೀರಿಸಿಕೊಳ್ಳುತ್ತೇನೆಂದು ಶಪಥ ಮಾಡಿದ. ಶಪಥ ಈಡೇರುವುದನ್ನು ನೋಡಬೇಕಾದರೆ ಟಿಕೆಟ್ ತೆಗೆದು ಅಖಾಡಕ್ಕೆ ಹೋಗಬೇಕು. ಮುಂದೆ, ದುಡ್ಡು ಕೊಟ್ಟು ಪೇ-ಪರ್-ವ್ಯೂ ಕೊಳ್ಳಬೇಕು. ಟಿವಿ ಡಂಗುರ, ಅಖಾಡ ಜಾತ್ರೆ.

ರೋಲಾ ಬಾರ್ಥ್ 1957ರ ‘ಮಿಥಾಲಜೀಸ್’ ಸಂಕಲನದಲ್ಲಿ ಕುಸ್ತಿಯ ಬಗ್ಗೆ ಬರೆದ ಪ್ರಬಂಧ ನಮ್ಮ ವಿಭಾಗಗಳಲ್ಲೆಲ್ಲ ಪಾಠವಾಗುತ್ತದೆ. ಕುಸ್ತಿ ಆಟವಲ್ಲ, ಒಂದು ದೃಶ್ಯ. ಅಲ್ಲಿ ಸೋಲು, ನೋವು, ನ್ಯಾಯ ಎಲ್ಲವೂ ಓದಲು ಸಿಗುವ ಸಂಕೇತಗಳು ಎಂಬುದು ಅವನ ವಾದದ ತಿರುಳು. ಚೆನ್ನಾಗಿದೆ. ಆದರೆ ಬಾರ್ಥ್ ಕಂಡದ್ದು ಪ್ಯಾರಿಸ್ಸಿನ ಸಭಾಂಗಣದಲ್ಲಿ ಕುಳಿತ ಪ್ರೇಕ್ಷಕನನ್ನು. ಅವನು ಆಗಲೇ ಬಂದು ಕುಳಿತಿದ್ದಾನೆ, ಎದ್ದು ಹೋಗಲಾರ. ಅವನ ಕೂಗು, ಶಾಪ, ಚಪ್ಪಾಳೆ ಕುಸ್ತಿಪಟುವಿಗೆ ಆ ಕ್ಷಣದಲ್ಲೇ ಕೇಳಿಸುತ್ತದೆ. 1990ರ ದಶಕದ ಟಿವಿ ವೀಕ್ಷಕ ಬೇರೆ. ಅವನ ದನಿ ಯಾರಿಗೂ ಕೇಳಿಸುವುದಿಲ್ಲ. ಅವನಿಗಿರುವ ಒಂದೇ ಭಾಷೆ ವಾಹಿನಿ ಬದಲಿಸುವುದು. ಆ ಭಾಷೆಯಲ್ಲಿ ಎರಡೇ ಪದ: ಇದ್ದೇನೆ, ಹೊರಟೆ.

ಅಂಥ ವೀಕ್ಷಕನ ಮುಂದೆ ನೈಟ್ರೋ ಶುರುವಾದದ್ದು 1995ರ ಸೆಪ್ಟೆಂಬರ್ 4ರಂದು, ಮಿನೆಸೋಟದ ಒಂದು ದೊಡ್ಡ ಮಾಲ್‌ನೊಳಗೆ. ಟಿಎನ್‌ಟಿಯ ಒಡೆಯ ಟೆಡ್ ಟರ್ನರ್ ಬಿಷಫ್‌ಗೆ ಸೋಮವಾರದ ಸಮಯವನ್ನೇ ಕೊಟ್ಟಿದ್ದ, ಎದುರಾಳಿಯ ಸಮಯವನ್ನೇ. ಮೊದಲ ದಿನವೇ ಲೆಕ್ಸ್ ಲ್ಯೂಗರ್ ಮುನ್ಸೂಚನೆಯಿಲ್ಲದೆ ನಡೆದು ಬಂದ. ಹಿಂದಿನ ದಿನವಷ್ಟೇ ಅವನು ಡಬ್ಲ್ಯುಡಬ್ಲ್ಯುಎಫ್ ಪರವಾಗಿ ಆಡಿದ್ದ. ನೇರಪ್ರಸಾರದಲ್ಲಿ ಏನು ಬೇಕಾದರೂ ಆಗಬಹುದು ಎಂಬ ಪುಳಕವೇ ನೈಟ್ರೋದ ಬಂಡವಾಳ. 1996ರ ಮೇ ತಿಂಗಳಲ್ಲಿ ಸ್ಕಾಟ್ ಹಾಲ್ ಪ್ರೇಕ್ಷಕರ ನಡುವಿನಿಂದಲೇ ಎದ್ದು ಬಂದು ಅಖಾಡ ಹತ್ತಿದ. ಜುಲೈ 7ರಂದು, ಅಮೆರಿಕದ ಮಕ್ಕಳ ದೇವರಂತಿದ್ದ ಹಲ್ಕ್ ಹೋಗನ್ ಖಳನಾದ. ಆ ಬೇಸಿಗೆಯಿಂದ 1998ರ ಏಪ್ರಿಲ್‌ವರೆಗೆ ಸತತ 83 ವಾರ ನೈಟ್ರೋ ಗೆದ್ದಿತು. ಬಿಷಫ್ ಇವತ್ತು ನಡೆಸುವ ಪಾಡ್‌ಕಾಸ್ಟಿನ ಹೆಸರೂ ‘83 ವಾರಗಳು’ ಎಂದೇ. ಗೆದ್ದ ಕಥೆಗಳ ಹೆಸರಲ್ಲ, ಗೆದ್ದ ವಾರಗಳ ಎಣಿಕೆ.

ಆ 83 ವಾರಗಳಲ್ಲಿ ಒಳ್ಳೆಯ ಕಥೆಯೇ ಇರಲಿಲ್ಲ ಎಂದರೆ ಅನ್ಯಾಯವಾದೀತು. ಸ್ಟಿಂಗ್‌ನ ಕಥೆ ನನ್ನ ಮಟ್ಟಿಗೆ ಅಮೆರಿಕದ ಟಿವಿ ಕಂಡ ಅತ್ಯಂತ ತಾಳ್ಮೆಯ ಕಥನಗಳಲ್ಲೊಂದು. ಸ್ನೇಹಿತರು ನಂಬಲಿಲ್ಲವೆಂದು ಮುನಿದ ನಾಯಕ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು, ಒಂದು ವರ್ಷಕ್ಕೂ ಹೆಚ್ಚು ಕಾಲ ಒಂದೂ ಪಂದ್ಯವಾಡದೆ, ಹೆಚ್ಚೂಕಡಿಮೆ ಮಾತೂ ಆಡದೆ, ಸಭಾಂಗಣದ ಛಾವಣಿಯ ತೊಲೆಗಳ ಮೇಲೆ ನಿಂತು ಕೆಳಗೆ ನೋಡುತ್ತಿದ್ದ. ವಾರವಾರ ರೇಟಿಂಗಿಗೆ ಬಡಿದಾಡುತ್ತಿದ್ದ ಕಂಪನಿಯೊಂದು ತನ್ನ ದೊಡ್ಡ ನಟನನ್ನು ಸುಮ್ಮನೆ ನಿಲ್ಲಿಸಿತ್ತು! ಜನ ಕಾದರು. 1997ರ ಡಿಸೆಂಬರ್ 28ರ ‘ಸ್ಟಾರ್‌ಕೇಡ್’ನಲ್ಲಿ ಸ್ಟಿಂಗ್ ಕೊನೆಗೂ ಹೋಗನ್ ಎದುರು ನಿಂತಾಗ ಆ ಪೇ-ಪರ್-ವ್ಯೂ ಕಂಪನಿಯ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾಯಿತು. ಆಮೇಲೆ ರೆಫರಿಯ ಎಣಿಕೆಯ ಗೊಂದಲದಲ್ಲಿ ಪಂದ್ಯದ ಮುಗಿತಾಯವನ್ನೇ ಕೆಡಿಸಿಕೊಂಡರು, ಅದು ಬೇರೆ ಮಾತು. ಹೇಳಬೇಕಾದದ್ದು ಇಷ್ಟು: ರೇಟಿಂಗ್ ಮತ್ತು ತಾಳ್ಮೆ ಹುಟ್ಟುವೈರಿಗಳಲ್ಲ. ಆ ವರ್ಷವೆಲ್ಲ ನೈಟ್ರೋ ಗೆಲ್ಲುತ್ತಲೇ ಇತ್ತು, ಸ್ಟಿಂಗ್ ಛಾವಣಿಯ ಮೇಲೆ ನಿಂತೇ ಇದ್ದ.

ಕೆಟ್ಟದ್ದು ಸೋಲು ಶುರುವಾದ ಮೇಲೆ. 1998ರ ಏಪ್ರಿಲ್ 13ರಂದು ಸ್ಟೀವ್ ಆಸ್ಟಿನ್ ತನ್ನ ಧಣಿ ವಿನ್ಸ್ ಮ್ಯಾಕ್‌ಮಹನ್‌ನನ್ನೇ ಎದುರಿಸುತ್ತಾನೆಂದು ಆಸೆ ಹುಟ್ಟಿಸಿ ರಾ 4.6ಕ್ಕೆ 4.3ರಂತೆ ಗೆದ್ದಿತು. ಕೂಲಿಯವನೊಬ್ಬ ಧಣಿಯ ಕೊರಳಪಟ್ಟಿಗೆ ಕೈಹಾಕುವ ಕಥೆ ಯಾವ ಊರಿನಲ್ಲಿ ಓಡುವುದಿಲ್ಲ? ಡಬ್ಲ್ಯುಸಿಡಬ್ಲ್ಯು ಅದನ್ನು ಹೀಗೆ ಓದಲಿಲ್ಲ. ಎದುರಾಳಿ ಒಂದು ದೊಡ್ಡ ಘಟನೆ ತೋರಿಸಿ ಗೆದ್ದ, ನಾವು ಇನ್ನೂ ದೊಡ್ಡದನ್ನು ತೋರಿಸಬೇಕು ಎಂದು ಓದಿತು. ಜುಲೈ 6ರಂದು ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಸುಮಾರು ನಲವತ್ತು ಸಾವಿರ ಜನರ ಮುಂದೆ, ಒಂದೂ ಪಂದ್ಯ ಸೋಲದೆ ಬಂದಿದ್ದ ಗೋಲ್ಡ್‌ಬರ್ಗ್ ಹೋಗನ್‌ನನ್ನು ಕೆಡವಿ ಪಟ್ಟ ಗೆದ್ದ. ಅದ್ಭುತ ಗಳಿಗೆ. ಆ ವಾರದ ರೇಟಿಂಗ್ ನೈಟ್ರೋಗೇ ಬಂತು. ಆದರೆ ಈ ಪಂದ್ಯವನ್ನು ಕೆಲವೇ ದಿನ ಮೊದಲು ಘೋಷಿಸಿ ಟಿವಿಯಲ್ಲಿ ಬಿಟ್ಟಿಯಾಗಿ ತೋರಿಸಿದ್ದರು. ತಿಂಗಳುಗಟ್ಟಲೆ ಬೆಳೆಸಿ ಪೇ-ಪರ್-ವ್ಯೂನಲ್ಲಿ ಮಾರಬಹುದಾಗಿದ್ದ ಜಾತ್ರೆಯನ್ನು ಡಂಗುರದಲ್ಲೇ ಮುಗಿಸಿದರು. ಒಂದು ವಾರದ ಸಂಖ್ಯೆಗಾಗಿ ಬಿತ್ತನೆಯ ಕಾಳನ್ನು ಹುರಿದು ತಿಂದ ಹಾಗೆ.

ಇದನ್ನು ಬರೀ ಆರ್ಥಿಕ ತಪ್ಪು ಎಂದು ಹೇಳುವವರಿದ್ದಾರೆ. ನನಗಿದು ಕಥನದ ತಪ್ಪಾಗಿಯೂ ಕಾಣುತ್ತದೆ. ಕಾರ್ಯಕ್ರಮವನ್ನು ಕಾಲು ಗಂಟೆಯ ತುಂಡುಗಳಾಗಿ ಸೀಳಿ ಪ್ರತಿ ತುಂಡಿನ ರೇಟಿಂಗ್ ನೋಡುವ ಪದ್ಧತಿ ಆಗ ಬಲವಾಗಿತ್ತು. ಯಾರ ಕಾಲು ಗಂಟೆಯಲ್ಲಿ ಜನ ಏರಿದರು, ಯಾರದರಲ್ಲಿ ಇಳಿದರು ಎಂಬುದು ಮರುದಿನವೇ ಎಲ್ಲರ ಬಾಯಲ್ಲಿ. ಹೀಗೆ ಓದಲು ಕೂತರೆ ಪ್ರತಿ ಹದಿನೈದು ನಿಮಿಷಕ್ಕೂ ಒಂದು ತಿರುವು ಬೇಕಾಗುತ್ತದೆ. ಕಾದಂಬರಿಯೊಂದನ್ನು ಪುಟಪುಟಕ್ಕೂ ಅಂಕ ಕೊಟ್ಟು ತಿದ್ದಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಯಿತು. ಸ್ಟಿಂಗ್ ಛಾವಣಿಯ ಮೇಲೆ ನಿಂತ ಕಾಲು ಗಂಟೆಗೆ ಎಷ್ಟು ಅಂಕ? ಅವನು ಏನೂ ಮಾಡುತ್ತಿಲ್ಲವಲ್ಲ. ಅವನ ನಿಲುವಿನ ಬೆಲೆ ಗೊತ್ತಾಗುವುದು ವರ್ಷದ ಲೆಕ್ಕದಲ್ಲಿ.

ಮತ್ತೆ ಜನವರಿ 4ಕ್ಕೆ ಬಂದರೆ, ಅಂದು ನೈಟ್ರೋ ತಾನೇನು ತೋರಿಸಿತು ಎಂಬುದೂ ಮುಖ್ಯ. ಹಿಂದಿನ ವಾರವಷ್ಟೇ ಮೋಸದಿಂದ ಮೊದಲ ಸೋಲುಂಡ ಗೋಲ್ಡ್‌ಬರ್ಗ್ ಅದೇ ಜಾರ್ಜಿಯಾ ಡೋಮ್‌ನಲ್ಲಿ, ತನ್ನದೇ ಊರಿನಲ್ಲಿ, ಚಾಂಪಿಯನ್ ಕೆವಿನ್ ನ್ಯಾಶ್ ವಿರುದ್ಧ ಸೇಡಿನ ಪಂದ್ಯ ಆಡಬೇಕಿತ್ತು. ಕಥೆಯಲ್ಲಿ ಅವನನ್ನು ಪೊಲೀಸರು ಹಿಡಿದೊಯ್ದರು. ಬದಲಿಗೆ ಹೋಗನ್ ಬಂದ. ನ್ಯಾಶ್‌ನ ಎದೆಗೆ ಒಂದು ಬೆರಳು ತಾಗಿಸಿದ. ನ್ಯಾಶ್ ಗುಂಡು ತಾಗಿದವನಂತೆ ಬಿದ್ದ. ಹೋಗನ್ ಚಾಂಪಿಯನ್ ಆದ. ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಂಡಿದ್ದರೆಂಬುದು ಕಥೆ. ಗೋಲ್ಡ್‌ಬರ್ಗ್‌ನನ್ನು ನೋಡಲು ದುಡ್ಡು ಕೊಟ್ಟು ಬಂದ ಸಾವಿರಾರು ಜನಕ್ಕೆ ಸಿಕ್ಕಿದ್ದು ಆ ಬೆರಳು. ಅದೇ ರಾತ್ರಿ ಪಕ್ಕದ ವಾಹಿನಿಯಲ್ಲಿ, ಫಲಿತಾಂಶ ಗೊತ್ತಿದ್ದ ಪಂದ್ಯದಲ್ಲಿ, ಫೋಲಿ ‘ದಿ ರಾಕ್’ನನ್ನು ಸೋಲಿಸಿ ತನ್ನ ಮಕ್ಕಳ ಹೆಸರು ಹೇಳಿ ಗೆಲುವನ್ನು ಅವರಿಗೆ ಅರ್ಪಿಸಿದ. ಒಂದು ಕಡೆ ಊಹಿಸಲಾಗದ ತಿರುವು, ಇನ್ನೊಂದು ಕಡೆ ಊಹಿಸಿದ್ದೇ ಈಡೇರಿದ ಗಳಿಗೆ. ಜನ ಯಾವುದನ್ನು ಆರಿಸಿಕೊಂಡರೆಂದು ನೀಲ್ಸನ್ ಹೇಳಿತು. ಆ ವಾಕ್ಯವನ್ನು ಡಬ್ಲ್ಯುಸಿಡಬ್ಲ್ಯು ಓದಿಕೊಂಡಂತೆ ಕಾಣುವುದಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಅದು ಡಬ್ಲ್ಯುಡಬ್ಲ್ಯುಎಫ್‌ನಿಂದ ವಿನ್ಸ್ ರೂಸೋ ಎಂಬ ಬರಹಗಾರನನ್ನು ಕರೆತಂದಿತು. ಅವನ ಕೈಯಲ್ಲಿ ತಿರುವುಗಳು ಇನ್ನೂ ಹೆಚ್ಚಾದವು. 2000ದ ಏಪ್ರಿಲ್‌ನಲ್ಲಿ ಡೇವಿಡ್ ಆರ್ಕೆಟ್ ಎಂಬ ಸಿನಿಮಾ ನಟ ಚಾಂಪಿಯನ್ ಆದ. ಯಾರೂ ಊಹಿಸಿರಲಿಲ್ಲ, ನಿಜ.

ರೇಟಿಂಗ್ ಎಂದರೆ ದುಡ್ಡು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಕುಸ್ತಿಯಲ್ಲಿ ಅದೂ ಪೂರ್ತಿ ನಿಜವಲ್ಲ. ಅಷ್ಟೇ ರೇಟಿಂಗಿನ ಬೇರೆ ಕಾರ್ಯಕ್ರಮಕ್ಕೆ ಸಿಗುವ ಜಾಹೀರಾತಿನ ದರ ಕುಸ್ತಿಗೆ ಸಿಗುತ್ತಿರಲಿಲ್ಲ. ಕುಸ್ತಿ ನೋಡುವವರು ಬಡವರು, ಒರಟರು, ದುಬಾರಿ ಸಾಮಾನು ಕೊಳ್ಳುವವರಲ್ಲ ಎಂಬುದು ಜಾಹೀರಾತುದಾರರ ನಂಬಿಕೆ. ಮೀಟರಿನ ಪೆಟ್ಟಿಗೆಗೆ ಎಲ್ಲ ಮನೆಯೂ ಒಂದೇ. ಜಾಹೀರಾತು ಕೊಳ್ಳುವವನಿಗೆ ಹಾಗಲ್ಲ. ಈ ತಾರತಮ್ಯವೇ ಡಬ್ಲ್ಯುಸಿಡಬ್ಲ್ಯುವಿನ ಕೊನೆಯ ಅಧ್ಯಾಯವನ್ನು ಬರೆಯಿತು. 2001ರ ಜನವರಿಯಲ್ಲಿ ಎಒಎಲ್ ಮತ್ತು ಟೈಮ್ ವಾರ್ನರ್ ಒಂದಾದವು. ಟರ್ನರ್ ಕೈಯಲ್ಲಿ ಅಧಿಕಾರ ಉಳಿಯಲಿಲ್ಲ. ವಾಹಿನಿಗಳ ಹೊಣೆ ಹೊತ್ತ ಜೇಮಿ ಕೆಲ್ನರ್ ಮಾರ್ಚ್‌ನಲ್ಲಿ, ತಾನು ಕಟ್ಟಬೇಕೆಂದಿರುವ ವಾಹಿನಿಗೆ ಕುಸ್ತಿ ಹೊಂದುವುದಿಲ್ಲವೆಂದು ಅದನ್ನು ಕಿತ್ತುಹಾಕಿದ. ನೈಟ್ರೋದ ರೇಟಿಂಗ್ ಆಗಲೂ ಎರಡರ ಆಸುಪಾಸಿನಲ್ಲಿತ್ತು. ಕೇಬಲ್ ವಾಹಿನಿಯೊಂದಕ್ಕೆ ಅದು ಕಡೆಗಣಿಸುವ ಸಂಖ್ಯೆಯಲ್ಲ. ಕಂಪನಿ ನಷ್ಟದಲ್ಲಿತ್ತು, ಅದೂ ಕೋಟಿಗಟ್ಟಲೆ ಡಾಲರಿನ ನಷ್ಟದಲ್ಲಿ. ಆದರೂ ಅದನ್ನು ಕೊಳ್ಳಲು ಬಿಷಫ್ ಮತ್ತು ಫ್ಯೂಸಿಯಂಟ್ ಎಂಬ ಬಂಡವಾಳಗಾರರ ಗುಂಪು ತಯಾರಾಗಿತ್ತು. ಟಿವಿಯ ಸಮಯವೇ ಇಲ್ಲವೆಂದಾದಾಗ ಅವರು ಹಿಂದೆ ಸರಿದರು. ಕೊನೆಗೆ ವಿನ್ಸ್ ಮ್ಯಾಕ್‌ಮಹನ್ ಡಬ್ಲ್ಯುಸಿಡಬ್ಲ್ಯುವಿನ ಹೆಸರು, ಲಾಂಛನಗಳನ್ನು ಕೊಂಡದ್ದು ವರದಿಗಳ ಪ್ರಕಾರ ಇಪ್ಪತ್ತೈದು ಲಕ್ಷ ಡಾಲರಿನ ಆಸುಪಾಸಿಗೆ. ಇಪ್ಪತ್ತು ಲಕ್ಷ ಜನ ಸೋಮವಾರ ರಾತ್ರಿ ಟಿವಿ ಮುಂದೆ ಕೂತಿದ್ದರು. ಅವರು ಬೇಡವಾದ ಜನ, ಅಷ್ಟೇ.

ಅಮೆರಿಕದ ಹೊರಗಿದ್ದ ನಮ್ಮ ಎಣಿಕೆಯಂತೂ ಅಲ್ಲಿ ಇರಲೇ ಇಲ್ಲ. ನನ್ನ ತಲೆಮಾರಿನವರು ಸಣ್ಣವರಾಗಿದ್ದಾಗ ಟೆನ್ ಸ್ಪೋರ್ಟ್ಸ್‌ನಲ್ಲಿ ತಡವಾಗಿ ಬರುತ್ತಿದ್ದ ರಾ ನೋಡಿ, ಎತ್ತರ, ತೂಕ, ಎದೆಯ ಸುತ್ತಳತೆ ಅಚ್ಚಾದ ಕಾರ್ಡುಗಳನ್ನು ಶಾಲೆಯ ಹಿಂದಿನ ಬೆಂಚಿನಲ್ಲಿ ಆಡಿ, ಅಂಡರ್‌ಟೇಕರ್ ಏಳು ಸಲ ಸತ್ತು ಬಂದವನು ಎಂದು ನಂಬಿದ್ದೆವು. ಯಾವ ಕಥೆ ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂಬುದರಲ್ಲಿ ನಮ್ಮ ಮಾತಿಗೆ ಜಾಗವಿರಲಿಲ್ಲ. ಲೆಕ್ಕಕ್ಕೆ ಸೇರದ ಓದುಗರ ಓದಿಗೂ ಒಂದು ಸುಖವಿದೆ ಎಂದು ಈಗ ಅನ್ನಿಸುತ್ತದೆ.

ಇವತ್ತು ಚಿತ್ರ ಬೇರೆ. ಫಾಕ್ಸ್ ವಾಹಿನಿ 2018ರಲ್ಲಿ ‘ಸ್ಮ್ಯಾಕ್‌ಡೌನ್’ಗಾಗಿ ಐದು ವರ್ಷಕ್ಕೆ ನೂರು ಕೋಟಿ ಡಾಲರ್ ಒಪ್ಪಿಕೊಂಡಿತು. ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ ಐನೂರು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು 2025ರ ಜನವರಿ 6ರಿಂದ ರಾವನ್ನು ತನ್ನಲ್ಲಿಗೆ ಒಯ್ದಿತು. ನೇರಪ್ರಸಾರವನ್ನು ಜನ ಆ ಹೊತ್ತಿಗೇ ನೋಡುತ್ತಾರೆ, ಜಾಹೀರಾತು ಓಡಿಸಿಬಿಡುವುದಿಲ್ಲ ಎಂಬ ಕಾರಣಕ್ಕೆ ಹಿಂದೆ ಬೇಡವಾಗಿದ್ದ ಕುಸ್ತಿ ಈಗ ಬೇಕಾಯಿತು. ಹಣ ಮೊದಲೇ ಖಾತ್ರಿಯಾದಾಗ ಕಥೆಗಾರನಿಗೆ ಉಸಿರು ಬಂತೆಂದು ನನ್ನ ಗುಮಾನಿ. ರೋಮನ್ ರೇನ್ಸ್ 2020ರಿಂದ 2024ರವರೆಗೆ 1,316 ದಿನ ಚಾಂಪಿಯನ್ ಆಗಿದ್ದ. ಮನೆತನದ ಯಜಮಾನಿಕೆಯ ಸುತ್ತ ನಿಧಾನವಾಗಿ ಬೆಳೆದ ಆ ಕಥೆಯನ್ನು 1999ರಲ್ಲಿ ಯಾರಾದರೂ ಬರೆಯಲು ಬಿಡುತ್ತಿದ್ದರೇ? ಹಾಗೆಂದು ಸಂಖ್ಯೆಯ ಗೀಳು ಹೋಗಿಲ್ಲ. 2019ರಲ್ಲಿ ಹುಟ್ಟಿದ ಎಇಡಬ್ಲ್ಯು ಕಂಪನಿಯ ಕ್ರಿಸ್ ಜೆರಿಕೊ, 18ರಿಂದ 49ರ ವಯಸ್ಸಿನ ವೀಕ್ಷಕರ ರೇಟಿಂಗಿನಲ್ಲಿ ತಾನೇ ಮುಂದು ಎಂದು ತನಗೆ ತಾನೇ ‘ಡೆಮೊ ಗಾಡ್’ ಎಂಬ ಬಿರುದು ಕೊಟ್ಟುಕೊಂಡ. ತೆರೆಯ ಹಿಂದಿನ ಲೆಕ್ಕದ ಪುಸ್ತಕ ವೇಷ ಹಾಕಿಕೊಂಡು ರಂಗದ ಮೇಲೇ ಬಂದುಬಿಟ್ಟಿತು. ಜೆರಿಕೊ ಆಗ ಖಳನಾಗಿದ್ದ ಎಂಬುದೊಂದು ಸಮಾಧಾನ.

ನಾನು ಮತ್ತೆ ಮತ್ತೆ ಹಾಕಿ ನೋಡುವ ತುಣುಕೊಂದಿದೆ. 2001ರ ಮಾರ್ಚ್ 26, ಫ್ಲಾರಿಡಾದ ಪನಾಮ ಸಿಟಿ ಬೀಚ್‌ನಲ್ಲಿ ನೈಟ್ರೋದ ಕೊನೆಯ ರಾತ್ರಿ. ಕೊನೆಯ ಪಂದ್ಯ ಸ್ಟಿಂಗ್ ಮತ್ತು ರಿಕ್ ಫ್ಲೇರ್ ನಡುವೆ. ನೈಟ್ರೋದ ಮೊದಲ ರಾತ್ರಿ ಎದುರಾದವರೂ ಇವರೇ. ಮುಗಿದ ಮೇಲೆ ಇಬ್ಬರೂ ಅಪ್ಪಿಕೊಂಡರು. ಇಷ್ಟು ವರ್ಷ ಎರಡು ವಾಹಿನಿಗಳ ನಡುವೆ ರಿಮೋಟ್ ಒತ್ತುತ್ತಾ ಬಂದ ವೀಕ್ಷಕ ಅಂದೂ ಒತ್ತಿರಬೇಕು. ಟಿಎನ್‌ಟಿಯಲ್ಲಿ ವಿನ್ಸ್ ಮ್ಯಾಕ್‌ಮಹನ್ ಕ್ಲೀವ್‌ಲ್ಯಾಂಡ್‌ನಿಂದ ಮಾತಾಡುತ್ತಿದ್ದ. ಬದಲಿಸಿ ಟಿಎನ್ಎನ್ ಹಾಕಿದರೆ, ಆಗ ರಾ ಬರುತ್ತಿದ್ದ ಆ ವಾಹಿನಿಯಲ್ಲಿ, ಅದೇ ಮುಖ, ಅದೇ ಮಾತು.